ಬ್ಯಾಲೆ ತಂಡವೊಂದರ ಒಳಬದುಕು: ‘ದಿ ಕಂಪನಿ’ ಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಭರತನಾಟ್ಯ ವಿದ್ಯಾರ್ಥಿಗಳು, ಅವರ ತಂದೆತಾಯಂದಿರು ಮತ್ತು ರಂಗಾಸಕ್ತರೊಂದಿಗೆ ಕುಳಿತು ಈ ಚಿತ್ರವನ್ನು ನೋಡಿದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಚರ್ಚೆಯ ಗಡಿಬಿಡಿಯಲ್ಲಿ ಅವಕ್ಕೆ ಪೂರ್ತಿ ಉತ್ತರ ಕೊಡಲಾಗುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡಲಾಗಿದೆ. ಚಿತ್ರದ ಕೊನೆಯಲ್ಲಿ ನಡೆಯುವ ಸಂಗತಿಯೂ ಈ ಉತ್ತರಗಳಲ್ಲಿ ಬರುತ್ತದೆ.

ಇದು ಸಾಕ್ಷ್ಯಚಿತ್ರವೇ, ಕಥಾಚಿತ್ರವೇ?

ಕಥಾಚಿತ್ರವೇ, ಆದರೆ ಸಾಕ್ಷ್ಯಚಿತ್ರದ ಪಕ್ಕದಲ್ಲೇ ನಡೆಯುವಂಥದ್ದು. ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಅವರ ಈ ಚಿತ್ರ ತೆರೆಕಂಡದ್ದು 2003ರಲ್ಲಿ. ಅವಧಿ 112 ನಿಮಿಷ. ಷಿಕಾಗೋ ನಗರದ ಜಾಫ್ರಿ ಬ್ಯಾಲೆ ಎಂಬ ನಿಜವಾದ ವೃತ್ತಿಪರ ತಂಡದೊಳಗೇ ಕತೆ ನಡೆಯುತ್ತದೆ. ರೈ ಎಂಬ ಯುವ ನರ್ತಕಿಯಾಗಿ ನೆವ್ ಕ್ಯಾಂಪ್‌ಬೆಲ್, ತಂಡದ ಕಲಾ ನಿರ್ದೇಶಕ ಆಂಟೊನೆಲ್ಲಿಯಾಗಿ ಮಾಲ್ಕಮ್ ಮೆಕ್‌ಡವೆಲ್, ರೈಯ ಗೆಳೆಯನಾದ ಬಾಣಸಿಗ ಜಾಶ್ ಆಗಿ ಜೇಮ್ಸ್ ಫ್ರ್ಯಾಂಕೊ ಅಭಿನಯಿಸಿದ್ದಾರೆ. ಇವರನ್ನು ಬಿಟ್ಟರೆ ತೆರೆಯ ಮೇಲೆ ಕಾಣುವ ನರ್ತಕರಲ್ಲಿ ಬಹುತೇಕರು ಜಾಫ್ರಿ ತಂಡದ ಕಲಾವಿದರು. ಚಿತ್ರಕಥೆ ಬರೆದ ಬಾರ್ಬರಾ ಟರ್ನರ್ ಬಹಳ ಕಾಲ ತಂಡದವರ ಜೊತೆಗಿದ್ದು, ಅವರು ಆಡುವ ಮಾತು, ಪಡುವ ಪಾಡುಗಳನ್ನು ಕಣ್ಣಾರೆ ಕಂಡು ಬರೆದರು. ನೃತ್ಯ ಸಂಯೋಜಕರಾದ ಲಾರ್ ಲುಬೊವಿಚ್ ಮತ್ತು ರಾಬರ್ಟ್ ಡೆರೊಸಿಯೆ ಚಿತ್ರದಲ್ಲಿ ತಾವು ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ.

ಚಿತ್ರದಲ್ಲಿ ಕತೆಯೇ ಇಲ್ಲವಲ್ಲ?

ಅತಿ ಹೆಚ್ಚು ಕೇಳಿಬರುವ ದೂರು ಇದೇ. ನೃತ್ಯದ ಚಿತ್ರವೆಂದರೆ ಬಡ ಹುಡುಗಿಯೊಬ್ಬಳು ಅಡ್ಡಿ ಆತಂಕಗಳನ್ನು ದಾಟಿ ಕೊನೆಯ ಪ್ರದರ್ಶನದಲ್ಲಿ ಗೆಲ್ಲಬೇಕು, ಅವಳಿಗೊಬ್ಬ ಹೊಟ್ಟೆಕಿಚ್ಚಿನ ಪ್ರತಿಸ್ಪರ್ಧಿ ಇರಬೇಕು ಎಂದು ನಾವು ಒಳಗೊಳಗೇ ನಿರೀಕ್ಷಿಸಿರುತ್ತೇವೆ. ಆಲ್ಟ್‌ಮನ್ ಆ ದಾರಿಯನ್ನು ಬೇಕೆಂದೇ ಬಿಟ್ಟಿದ್ದಾರೆ. ‘ನ್ಯಾಶ್‌ವಿಲ್’, ‘ಗಾಸ್‌ಫರ್ಡ್ ಪಾರ್ಕ್’ ಚಿತ್ರಗಳಲ್ಲಿ ಮಾಡಿದಂತೆಯೇ ಇಲ್ಲಿಯೂ ಅವರು ಒಬ್ಬ ವ್ಯಕ್ತಿಯ ಹಿಂದೆ ಹೋಗದೆ ಒಂದು ಗುಂಪಿನೊಳಗೆ ಕ್ಯಾಮೆರಾ ಇಟ್ಟು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದನ್ನು, ಅರ್ಧಕ್ಕೇ ನಿಂತ ಜಗಳಗಳನ್ನು, ತಾಲೀಮಿನ ನಡುವಿನ ಆಕಳಿಕೆಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ.

ಹಾಗೆಂದು ಕತೆ ಇಲ್ಲವೆನ್ನಲಾಗದು. ರೈ ಮೊದಲಿಗೆ ತಂಡದ ಹಲವರಲ್ಲಿ ಒಬ್ಬಳು. ಲುಬೊವಿಚ್ ಅವರ ಯುಗಳ ನೃತ್ಯವೊಂದರಲ್ಲಿ ಬದಲಿ ನರ್ತಕಿಯಾಗಿ ಪಾಠ ಕಲಿಯುತ್ತಿರುವಾಗ ಮುಖ್ಯ ನರ್ತಕಿಗೆ ಪೆಟ್ಟಾಗಿ ಅವಕಾಶ ಇವಳ ಪಾಲಿಗೆ ಬರುತ್ತದೆ, ಅದರಿಂದ ಹೆಸರೂ ಬರುತ್ತದೆ. ಚಿತ್ರದ ಕೊನೆಯಲ್ಲಿ ‘ದಿ ಬ್ಲೂ ಸ್ನೇಕ್’ ಎಂಬ ದೊಡ್ಡ ಪ್ರದರ್ಶನ ನಡೆಯುತ್ತಿರುವಾಗಲೇ ಅವಳು ಬಿದ್ದು ತೋಳಿಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ಇನ್ನೊಬ್ಬಳು ಅವಳ ಜಾಗಕ್ಕೆ ಹೋಗಿ ನೃತ್ಯವನ್ನು ಮುಗಿಸುತ್ತಾಳೆ. ಒಬ್ಬಳ ಗಾಯದಿಂದ ಒಳಗೆ ಬಂದವಳು ತನ್ನ ಗಾಯದಿಂದ ಹೊರಗೆ ಕೂರುತ್ತಾಳೆ, ಪ್ರದರ್ಶನ ಮಾತ್ರ ನಿಲ್ಲುವುದಿಲ್ಲ. ಚಿತ್ರದ ನಾಯಕಿ ರೈ ಎಂದು ನೋಡಿದವರಿಗೆ ಇದು ಕತೆಯಿಲ್ಲದ ಚಿತ್ರ; ತಂಡವೇ ನಾಯಕ ಎಂದು ನೋಡಿದರೆ ಮೊದಲ ದೃಶ್ಯದಿಂದ ಕೊನೆಯವರೆಗೂ ಕತೆ ಬಿಗಿಯಾಗಿದೆ.

ನೆವ್ ಕ್ಯಾಂಪ್‌ಬೆಲ್ ನಿಜವಾಗಿಯೂ ನರ್ತಿಸಿದ್ದಾರೆಯೇ?

ಹೌದು. ‘ಸ್ಕ್ರೀಮ್’ ಚಿತ್ರದಿಂದ ಅವರನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸಬಹುದು. ಅವರು 9ನೇ ವಯಸ್ಸಿನಲ್ಲೇ ಕೆನಡಾದ ನ್ಯಾಷನಲ್ ಬ್ಯಾಲೆ ಶಾಲೆಗೆ ಸೇರಿ, ಹದಿಹರೆಯದಲ್ಲಿ ಅದನ್ನು ಬಿಟ್ಟು ನಟನೆಯ ಕಡೆಗೆ ಬಂದವರು. ಬ್ಯಾಲೆ ತಂಡದ ದಿನನಿತ್ಯದ ಬದುಕನ್ನು ಇದ್ದ ಹಾಗೆ ತೋರಿಸುವ ಚಿತ್ರ ಬರಬೇಕೆಂಬುದು ಅವರದೇ ಹಂಬಲ. ಚಿತ್ರದ ಕತೆಯಲ್ಲೂ ನಿರ್ಮಾಣದಲ್ಲೂ ಅವರ ಪಾಲಿದೆ. ಪಾತ್ರಕ್ಕಾಗಿ ಮತ್ತೆ ದೀರ್ಘ ತರಬೇತಿ ಪಡೆದು ಜಾಫ್ರಿ ನರ್ತಕರ ಸಾಲಿನಲ್ಲಿ ನಿಂತರು. ಕಾಲು ತೋರಿಸುವಾಗ ಬೇರೊಬ್ಬರು, ಮುಖ ತೋರಿಸುವಾಗ ನಟಿ ಎಂಬ ಕಣ್ಕಟ್ಟು ಇಲ್ಲಿಲ್ಲ.

ಜಾಫ್ರಿ ಬ್ಯಾಲೆಯ ಹಿನ್ನೆಲೆ ಏನು? ಆಂಟೊನೆಲ್ಲಿ ಎಂಬವರು ನಿಜವಾಗಿ ಇದ್ದರೇ?

1956ರಲ್ಲಿ ರಾಬರ್ಟ್ ಜಾಫ್ರಿ ಮತ್ತು ಜೆರಾಲ್ಡ್ ಆರ್ಪಿನೊ ಈ ತಂಡವನ್ನು ಕಟ್ಟಿದರು. ಜಾಫ್ರಿ ಅವರ ತಂದೆ ಆಫ್ಘಾನಿಸ್ತಾನದ ಮೂಲದವರು. ತಂಡ ಆರಂಭವಾದದ್ದು ಕೇವಲ 6 ನರ್ತಕರೊಂದಿಗೆ, ಒಂದು ಕಾರು ಮತ್ತು ಅದರ ಹಿಂದೆ ಕಟ್ಟಿದ ಸಾಮಾನಿನ ಗಾಡಿಯಲ್ಲಿ ಊರೂರು ಸುತ್ತುತ್ತ. ಗುಬ್ಬಿ ಕಂಪನಿಯಿಂದ ಹಿಡಿದು ಇಂದಿಗೂ ಜಾತ್ರೆಗಳಲ್ಲಿ ಡೇರೆ ಹಾಕುವ ನಾಟಕ ಕಂಪನಿಗಳವರೆಗೆ ನಮ್ಮಲ್ಲಿ ಕೇಳಿಬರುವ ಅಲೆದಾಟದ ಕತೆಗಳಿಗೆ ಇದು ಬಹಳ ದೂರದ್ದೇನಲ್ಲ. ಜಾಫ್ರಿ 1988ರಲ್ಲಿ ತೀರಿಕೊಂಡ ಮೇಲೆ ಆರ್ಪಿನೊ ತಂಡದ ಹೊಣೆ ಹೊತ್ತರು. ಹಣದ ಮುಗ್ಗಟ್ಟಿನ ನಡುವೆ 1995ರಲ್ಲಿ ತಂಡವನ್ನು ನ್ಯೂಯಾರ್ಕಿನಿಂದ ಷಿಕಾಗೋಗೆ ತಂದರು. ಚಿತ್ರದ ಆಂಟೊನೆಲ್ಲಿ ಈ ಆರ್ಪಿನೊ ಅವರನ್ನು ಎದುರಿಗಿಟ್ಟುಕೊಂಡು ರೂಪಿಸಿದ ಪಾತ್ರ. ಆರ್ಪಿನೊ ತೀರಿಕೊಂಡದ್ದು 2008ರಲ್ಲಿ.

ಈ ತಂಡದ ಒಂದು ಸಂಪ್ರದಾಯವನ್ನು ಮುಖ್ಯವಾಗಿ ಗಮನಿಸಬೇಕು. ಬೇರೆ ದೊಡ್ಡ ಬ್ಯಾಲೆ ತಂಡಗಳಲ್ಲಿ ಇರುವಂತೆ ಇಲ್ಲಿ ಪ್ರಧಾನ ನರ್ತಕಿ, ಏಕವ್ಯಕ್ತಿ ನರ್ತಕಿ, ಸಮೂಹ ನರ್ತಕಿ ಎಂಬ ಶ್ರೇಣಿಗಳಿಲ್ಲ. ಎಲ್ಲರ ಹೆಸರೂ ಅಕ್ಷರಾನುಕ್ರಮದಲ್ಲಿ ಒಂದೇ ಪಟ್ಟಿಯಲ್ಲಿ ಬರುತ್ತದೆ. ಇಂದು ಮುಂದೆ ನಿಂತವರು ನಾಳೆ ಹಿಂದಿನ ಸಾಲಿಗೆ ಹೋಗುತ್ತಾರೆ. ಆಲ್ಟ್‌ಮನ್ ಅವರಂಥ ನಿರ್ದೇಶಕರಿಗೆ ಇದಕ್ಕಿಂತ ಒಪ್ಪುವ ತಂಡ ಸಿಗುವುದು ಕಷ್ಟವಿತ್ತು.

ಬ್ಯಾಲೆಯ ಗಂಧಗಾಳಿ ಇಲ್ಲದವರೂ ನೋಡಬಹುದೇ?

ಧಾರಾಳವಾಗಿ ನೋಡಬಹುದು. ಚಿತ್ರ ಯಾವ ಪಾರಿಭಾಷಿಕ ಪದವನ್ನೂ ವಿವರಿಸುವುದಿಲ್ಲ, ವಿವರಣೆ ಬೇಕೆಂದೂ ಅನ್ನಿಸುವುದಿಲ್ಲ. ಇಂಗ್ಲಿಷ್ ಸಂಭಾಷಣೆ ಗುಂಪುಮಾತಿನಲ್ಲಿ ಕಲಸಿಹೋಗುವುದರಿಂದ ಅಡಿಬರಹ ಹಾಕಿಕೊಂಡು ನೋಡುವುದು ಒಳ್ಳೆಯದು.

ಇಂಥ ತಂಡದಲ್ಲಿ ನರ್ತಕರ ದಿನ ಹೇಗೆ ಸಾಗುತ್ತದೆ?

ಬೆಳಿಗ್ಗೆ ತಂಡದ ತರಗತಿಯಿಂದ. ಇಪ್ಪತ್ತು ವರ್ಷ ಹಳಬರೂ ನಿನ್ನೆ ಸೇರಿದವರೂ ಒಂದೇ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಇರುವ ಮರದ ಕಂಬಿಯನ್ನು ಹಿಡಿದು, ಮಂಡಿ ಬಾಗಿಸುವ ‘ಪ್ಲಿಯೆ’ಯಿಂದ ಶುರುಮಾಡುತ್ತಾರೆ. ಕಂಬಿಯ ಪಾಠ ಮುಗಿದ ಮೇಲೆ ಕೋಣೆಯ ನಡುವಿಗೆ ಬಂದು ನಿಧಾನ ಚಲನೆಗಳು, ತಿರುಗುಗಳು, ಸಣ್ಣ ಜಿಗಿತಗಳು, ಕೊನೆಗೆ ಕೋಣೆಯನ್ನು ಓರೆಯಾಗಿ ಹಾಯುವ ದೊಡ್ಡ ಜಿಗಿತಗಳು. ಭರತನಾಟ್ಯದ ವಿದ್ವತ್ ಪರೀಕ್ಷೆ ಮುಗಿಸಿದ ಮೇಲೆ, ಮೊಟ್ಟಮೊದಲು ಕಲಿಸುವ ಹೆಜ್ಜೆಯಾದ ತಟ್ಟಡವನ್ನು ಮಕ್ಕಳ ಪಾಠವೆಂದು ಬಿಟ್ಟುಬಿಡುವವರು ನಮ್ಮಲ್ಲಿ ಕಡಿಮೆ ಇಲ್ಲ. ಇಲ್ಲಿ ಎಷ್ಟೇ ಹೆಸರು ಮಾಡಿದವರಿಗೂ ಮೊದಲ ಪಾಠದಿಂದ ವಿನಾಯಿತಿ ಇಲ್ಲ. ತರಗತಿಯ ನಂತರ ಸಂಜೆಯವರೆಗೆ ತಾಲೀಮು, ನಡುವೆ ಉಡುಪಿನ ಅಳತೆ, ಪ್ರದರ್ಶನದ ದಿನವಾದರೆ ಮತ್ತೆ ಮೈ ಬಿಸಿಮಾಡಿಕೊಂಡು ರಾತ್ರಿ ರಂಗಕ್ಕೆ.

ನರ್ತಕಿಯರ ಪಾದರಕ್ಷೆಯನ್ನಂತೂ ಒಮ್ಮೆ ಹತ್ತಿರದಿಂದ ನೋಡಬೇಕು. ಬೆರಳ ತುದಿಯ ಮೇಲೆ ನಿಲ್ಲಲು ಬಳಸುವ ಪಾಯಿಂಟ್ ಶೂ ಹೊರಗೆ ನುಣುಪಾದ ಸ್ಯಾಟಿನ್. ಒಳಗೆ ಬಟ್ಟೆ, ಕಾಗದಗಳ ಪದರಗಳನ್ನು ಅಂಟಿನಿಂದ ಗಟ್ಟಿಮಾಡಿದ ಗೂಡು, ಅಂಗಾಲಿನಡಿಗೆ ಬಿಗಿಯಾದ ಪಟ್ಟಿ. ಹೊಸದನ್ನು ಹಾಗೇ ತೊಟ್ಟು ಕುಣಿಯಲಾಗುವುದಿಲ್ಲ. ನರ್ತಕಿಯೇ ಕುಳಿತು ಆ ಪಟ್ಟಿಯನ್ನು ಮುರಿದು ಬಾಗಿಸುತ್ತಾಳೆ, ಸದ್ದು ಕಡಿಮೆಯಾಗಲೆಂದು ತುದಿಯನ್ನು ನೆಲಕ್ಕೆ ಬಡಿಯುತ್ತಾಳೆ, ಜಾರದಿರಲೆಂದು ಅಡಿಯನ್ನು ಗೀಚುತ್ತಾಳೆ, ರಿಬ್ಬನ್ನು ಎಲಾಸ್ಟಿಕ್ಕುಗಳನ್ನು ತನ್ನ ಪಾದಕ್ಕೆ ಹೊಂದುವ ಜಾಗದಲ್ಲಿ ತಾನೇ ಹೊಲಿಯುತ್ತಾಳೆ. ಇಷ್ಟು ಮಾಡಿದ ಜೋಡಿ, ಕಠಿಣವಾದ ಪಾತ್ರವಾದರೆ, ಒಂದೇ ಪ್ರದರ್ಶನಕ್ಕೆ ಮೆತ್ತಗಾಗಿ ಹೋಗಬಹುದು. ಆಮೇಲೆ ಇನ್ನೊಂದು ಜೋಡಿ, ಮತ್ತೆ ಅದೇ ಸೂಜಿದಾರ.

ಇಷ್ಟು ದೊಡ್ಡ ತಂಡದಲ್ಲಿದ್ದೂ ರೈ ರಾತ್ರಿ ಬಾರಿನಲ್ಲಿ ಕೆಲಸ ಮಾಡುವುದೇಕೆ?

ಸಂಬಳ ಸಾಲದ ಕಾರಣ. ಅಮೆರಿಕದ ಹೆಚ್ಚಿನ ಬ್ಯಾಲೆ ತಂಡಗಳಲ್ಲಿ ನರ್ತಕರಿಗೆ ವಾರಗಳ ಲೆಕ್ಕದಲ್ಲಿ ಒಪ್ಪಂದ; ವರ್ಷದ ಎಲ್ಲ ವಾರಗಳಿಗೂ ಕೆಲಸವಿರುತ್ತದೆಂಬ ಭರವಸೆ ಇಲ್ಲ. ರಂಗದ ಮೇಲೆ ರಾಜಕುಮಾರಿಯಾಗಿ ಹೊಳೆದವಳು ರಾತ್ರಿ ಗಿರಾಕಿಗಳಿಗೆ ಲೋಟ ತುಂಬಿಸುತ್ತಾಳೆ. ತಂಡದ ಹುಡುಗ ಹುಡುಗಿಯರು ಒಂದೇ ಮನೆಯ ನೆಲದ ಮೇಲೆ ಸಾಲಾಗಿ ಮಲಗುವ ದೃಶ್ಯವನ್ನು ಚಿತ್ರ ಯಾವ ಮರುಕವನ್ನೂ ಬೇಡದೆ ತೋರಿಸುತ್ತದೆ.

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟವನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಆಸುಪಾಸಿನವರೆಗೆ ಅನೇಕ ಕಲಾವಿದರು ಬೇರೆ ದುಡಿಮೆ ನೋಡಿಕೊಳ್ಳಬೇಕು. ನಮ್ಮ ಮೈಸೂರಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರಯೋಗವಾಯಿತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣವು ಸರ್ಕಾರದ ರೆಪರ್ಟರಿಯಾಗಿ, ಎಂದರೆ ಕಾಯಂ ನಾಟಕ ತಂಡವಾಗಿ ಆರಂಭವಾದಾಗ, ನಟನಟಿಯರು ತಿಂಗಳ ಸಂಬಳ ಪಡೆದು, ದಿನವಿಡೀ ತಾಲೀಮು ಮಾಡಿ, ನಾಟಕವನ್ನೇ ಉದ್ಯೋಗವಾಗಿ ಬಾಳಬಹುದೆಂದು ಕನ್ನಡ ರಂಗಭೂಮಿಗೆ ತೋರಿಸಿತು. ನೃತ್ಯಕ್ಕೆ ಅಂಥದೊಂದು ಮನೆ ಈ ಊರಿನಲ್ಲಿ ಇನ್ನೂ ಆಗಿಲ್ಲ. ಈ ಚಿತ್ರವನ್ನು ನೋಡುವಾಗ ನಮಗೆ ಅತಿಯಾಗಿ ಕಾಡುವ ಸಂಗತಿ ಇದು.

ಗಾಯಗಳ ದೃಶ್ಯಗಳು ಉತ್ಪ್ರೇಕ್ಷೆಯೇ?

ಅಲ್ಲ. ತಾಲೀಮಿನಲ್ಲಿ ನರ್ತಕಿಯೊಬ್ಬಳು ಜಿಗಿದು ಇಳಿಯುತ್ತಾಳೆ; ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯುತ್ತದೆ. ಕಿರುಚಾಟವಿಲ್ಲ, ಹಿನ್ನೆಲೆ ಸಂಗೀತದ ಅಬ್ಬರವಿಲ್ಲ. ಏನಾಯಿತೆಂದು ಅವಳಿಗೆ ಗೊತ್ತು, ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ಅದು ಹರಿಯುವಾಗ ಪಟ್ಟೆಂದು ಸದ್ದಾಗುವುದೂ, ಯಾರೋ ಹಿಂದಿನಿಂದ ಒದ್ದಂತೆ ಅನ್ನಿಸುವುದೂ ವೈದ್ಯರು ಬಲ್ಲ ಲಕ್ಷಣಗಳೇ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ಮತ್ತೆ ಅದೇ ಎತ್ತರಕ್ಕೆ ಜಿಗಿಯುವುದು ಎಲ್ಲರಿಗೂ ಸಾಧ್ಯವಾಗದು.

ದೃಶ್ಯದ ನಿಜವಾದ ಕಾಠಿಣ್ಯ ಗಾಯದಲ್ಲಿಲ್ಲ, ನಂತರದ ನಿಮಿಷಗಳಲ್ಲಿದೆ. ಅವಳ ಪಾತ್ರ ತುಂಬಲು ಇನ್ನೊಬ್ಬಳು ಮುಂದೆ ಬರಲೇಬೇಕು. ಹಾಗೆ ಬಂದವಳನ್ನು ಸ್ವಾರ್ಥಿ ಎನ್ನಲಾಗುವುದಿಲ್ಲ, ಬರಹೇಳಿದವರನ್ನು ಕಟುಕರೆನ್ನಲೂ ಆಗುವುದಿಲ್ಲ. ಟಿಕೆಟ್ಟು ಮಾರಾಟವಾಗಿದೆ, ಉಳಿದವರು ಕಾಯುತ್ತಿದ್ದಾರೆ. ಒಂದು ವೃತ್ತಿಪರ ತಂಡದಲ್ಲಿ ಕರುಣೆಗೂ ಕೆಲಸಕ್ಕೂ ನಡುವೆ ಎಷ್ಟು ಕಡಿಮೆ ಜಾಗವಿದೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಕಥಾಚಿತ್ರಗಳು ವಿರಳ.

ನಮ್ಮ ಹುಡುಗಿಯರಿಗೂ ಒಂದು ಮಾತು ಹೇಳಬೇಕು. ಗ್ರಾನೈಟ್ ಅಥವಾ ಸಿಮೆಂಟ್ ನೆಲದ ಮೇಲೆ ವರ್ಷಗಟ್ಟಲೆ ಅರಮಂಡಿಯಲ್ಲಿ, ಎಂದರೆ ಮಂಡಿ ಬಾಗಿಸಿದ ನಿಲುವಿನಲ್ಲಿ, ಪಾದ ತಟ್ಟುವುದರಿಂದ ಮಂಡಿ, ಹಿಮ್ಮಡಿ, ಸೊಂಟ ಸವೆಯುತ್ತವೆ. ಬ್ಯಾಲೆ ತಂಡಗಳು ಜಿಗಿತದ ಪೆಟ್ಟನ್ನು ಹೀರುವ, ಸ್ವಲ್ಪ ಚಿಮ್ಮುವ ಮರದ ನೆಲವನ್ನು ಹಾಕಿಸಿಕೊಳ್ಳುವುದು ಐಷಾರಾಮಕ್ಕಲ್ಲ. ನೋವನ್ನು ಗುರುಗಳ ಮುಂದೆ ಹೇಳಿಕೊಳ್ಳುವುದು ಅವಿಧೇಯತೆಯಲ್ಲವೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಗುಡುಗು ಮಳೆಯ ನೃತ್ಯದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಷಿಕಾಗೋದ ಬಯಲು ವೇದಿಕೆಯಲ್ಲಿ ರೈ ತನ್ನ ಜೊತೆಗಾರನೊಂದಿಗೆ ‘ಮೈ ಫನ್ನಿ ವ್ಯಾಲೆಂಟೈನ್’ ಎಂಬ ಹಳೆಯ ಗೀತೆಗೆ ಲುಬೊವಿಚ್ ಸಂಯೋಜಿಸಿದ ಯುಗಳ ನೃತ್ಯವನ್ನು ಮಾಡುತ್ತಿರುತ್ತಾಳೆ. ಗಾಳಿ ಏಳುತ್ತದೆ, ಎಲೆಗಳು ಹಾರಿ ಬರುತ್ತವೆ, ಪ್ರೇಕ್ಷಕರಲ್ಲಿ ಒಂದೊಂದಾಗಿ ಕೊಡೆಗಳು ಬಿಚ್ಚಿಕೊಳ್ಳುತ್ತವೆ. ನಿಲ್ಲಿಸಬೇಕೇ, ಮುಂದುವರಿಸಬೇಕೇ ಎಂಬ ಆತಂಕ ವೇದಿಕೆಯ ಆಚೆ ಇರುವವರದು. ನರ್ತಕರಿಗೆ ಒದ್ದೆ ನೆಲವೆಂದರೆ ಒಂದು ಹೆಜ್ಜೆ ಜಾರಿದರೆ ವೃತ್ತಿಯೇ ಮುಗಿಯಬಹುದಾದ ನೆಲ. ಆದರೂ ಇಬ್ಬರೂ ಒಬ್ಬರ ತೂಕವನ್ನು ಇನ್ನೊಬ್ಬರು ಹೊತ್ತುಕೊಂಡು, ಸಂಗೀತಕ್ಕಿಂತ ಒಂದು ಗಳಿಗೆಯೂ ಮುಂದೆ ಓಡದೆ ನೃತ್ಯವನ್ನು ಪೂರೈಸುತ್ತಾರೆ. ಆಲ್ಟ್‌ಮನ್ ಇಲ್ಲಿ ಪ್ರೇಕ್ಷಕರನ್ನೂ ನರ್ತಕರನ್ನೂ ಆಕಾಶವನ್ನೂ ಒಂದೇ ಗಮನದಿಂದ ನೋಡುತ್ತಾರೆ. ದಸರೆಯ ದಿನಗಳಲ್ಲಿ ಅರಮನೆಯ ಮುಂದಿನ ವೇದಿಕೆಯಲ್ಲಿ ಕಚೇರಿ ಕಾವೇರುವ ಹೊತ್ತಿಗೇ ಮೋಡ ಕವಿಯುವುದನ್ನು ಕಂಡ ಮೈಸೂರಿನವರು ಈ ದೃಶ್ಯಕ್ಕೆ ಉಸಿರು ಬಿಗಿಹಿಡಿಯುವುದು ಸಹಜ.

‘ದಿ ಬ್ಲೂ ಸ್ನೇಕ್’ ನೃತ್ಯ ಚೆನ್ನಾಗಿದೆಯೇ?

ನಮ್ಮ ಅಭಿಪ್ರಾಯದಲ್ಲಿ ಅದು ಚಿತ್ರದ ಅತ್ಯಂತ ದುರ್ಬಲವಾದ ನೃತ್ಯ. ಡೆರೊಸಿಯೆ ಇದನ್ನು 1985ರಲ್ಲಿ ಕೆನಡಾದ ನ್ಯಾಷನಲ್ ಬ್ಯಾಲೆಗಾಗಿ ಮೊದಲು ಸಂಯೋಜಿಸಿದ್ದರು. ಬಣ್ಣ, ಮುಖವಾಡ, ದೈತ್ಯ ಬೊಂಬೆಗಳ ಭರಾಟೆಯಲ್ಲಿ ನರ್ತಕರ ದೇಹವೇ ಮರೆಯಾಗುತ್ತದೆ. ಆದರೆ ತಮಗೆ ಅರ್ಥವಾಗಲಿ ಬಿಡಲಿ, ಹೊಸ ಸಂಯೋಜಕರ ಕಲ್ಪನೆಗೆ ತಂಡದವರು ಮೈಯೊಡ್ಡುವ ಬಗೆಯನ್ನು ತಿಳಿಯಲು ಆ ತಾಲೀಮಿನ ದೃಶ್ಯಗಳು ಉಪಯುಕ್ತ. ಚಿತ್ರದ ಆರಂಭದಲ್ಲಿ ಬರುವ, ಉದ್ದನೆಯ ಪಟ್ಟಿಗಳನ್ನು ಎಳೆದು ಹಿಡಿದು ಮಾಡುವ ಆಲ್ವಿನ್ ನಿಕೊಲಾಯ್ ಅವರ ನೃತ್ಯ ಇದಕ್ಕಿಂತ ಎಷ್ಟೋ ಮೇಲು.

ಬೇರೆ ಬ್ಯಾಲೆ ಚಿತ್ರಗಳಿಗಿಂತ ಇದು ಹೇಗೆ ಭಿನ್ನ? ಮುಂದೆ ಏನು ನೋಡಬೇಕು?

1948ರ ‘ದಿ ರೆಡ್ ಶೂಸ್’ ಆಗಲಿ, 2010ರ ‘ಬ್ಲ್ಯಾಕ್ ಸ್ವಾನ್’ ಆಗಲಿ ಕಲೆಗಾಗಿ ತನ್ನನ್ನೇ ಸುಟ್ಟುಕೊಳ್ಳುವ ಒಬ್ಬಳ ದುರಂತ. ಎರಡೂ ಬಲವಾದ ಚಿತ್ರಗಳು. ಆದರೆ ಬ್ಯಾಲೆ ತಂಡವೆಂದರೆ ಹುಚ್ಚು ಮತ್ತು ಸಾವು ಎಂಬ ಭಾವನೆಯನ್ನು ಅವು ಉಳಿಸಿಹೋಗುತ್ತವೆ. ‘ದಿ ಕಂಪನಿ’ಯಲ್ಲಿ ನರ್ತಕರು ಬಾಡಿಗೆ ಕಟ್ಟುತ್ತಾರೆ, ಹಬ್ಬದೂಟದಲ್ಲಿ ತಮ್ಮ ಗುರುಗಳನ್ನೇ ಅಣಕಿಸಿ ನಗುತ್ತಾರೆ, ಮರುದಿನ ತರಗತಿಗೆ ಬರುತ್ತಾರೆ.

ಇದನ್ನು ಮೆಚ್ಚಿದವರು ಫ್ರೆಡರಿಕ್ ವೈಸ್‌ಮನ್ ಅವರ ಎರಡು ಸಾಕ್ಷ್ಯಚಿತ್ರಗಳನ್ನು ನೋಡಲೇಬೇಕು: ಅಮೆರಿಕನ್ ಬ್ಯಾಲೆ ಥಿಯೇಟರ್ ತಂಡವನ್ನು ಕುರಿತ 1995ರ ‘ಬ್ಯಾಲೆ’ ಮತ್ತು ಪ್ಯಾರಿಸ್ ಆಪೆರಾ ಬ್ಯಾಲೆಯನ್ನು ಕುರಿತ 2009ರ ‘ಲಾ ದಾನ್ಸ್’. ನಿರೂಪಕರ ಧ್ವನಿಯಿಲ್ಲ, ಸಂದರ್ಶನಗಳಿಲ್ಲ, ಯಾರು ಯಾರೆಂದು ತೆರೆಯ ಮೇಲೆ ಹೆಸರು ತೋರಿಸುವುದೂ ಇಲ್ಲ. ‘ಲಾ ದಾನ್ಸ್’ ತಾಲೀಮು ಕೋಣೆಯಿಂದ ಹೊಲಿಗೆ ಮನೆಗೆ, ಕ್ಯಾಂಟೀನಿಗೆ, ಆಡಳಿತ ಕಚೇರಿಗೆ, ಕಡೆಗೆ ಆಪೆರಾ ಕಟ್ಟಡದ ಮಾಡಿನ ಮೇಲಿನ ಜೇನುಗೂಡುಗಳವರೆಗೂ ಹೋಗುತ್ತದೆ. ಪ್ಯಾರಿಸ್‌ನಲ್ಲಿ ಐದು ಶ್ರೇಣಿಗಳಿವೆ, ಮೇಲಿನದು ‘ಎತ್ವಾಲ್’. ನರ್ತಕರಿಗೆ 42ಕ್ಕೆ ನಿವೃತ್ತಿ, ಅದಕ್ಕೆ ತಕ್ಕ ಪಿಂಚಣಿ. ನರ್ತಕರ ಪಿಂಚಣಿಯ ಕುರಿತು ಸಭೆ ಸೇರಿ ಚರ್ಚಿಸುವ ದೃಶ್ಯ ನಮ್ಮ ಸಂಗೀತ, ನೃತ್ಯ ಸಂಸ್ಥೆಗಳನ್ನು ನಡೆಸುವವರಿಗೆ ಕಡ್ಡಾಯವಾಗಿ ತೋರಿಸತಕ್ಕದ್ದು.

ಭರತನಾಟ್ಯ ಕಲಿಯುವವರಿಗೆ ಬ್ಯಾಲೆ ತಂಡದ ಚಿತ್ರದಿಂದ ಏನು ಉಪಯೋಗ?

ಮೈಸೂರಿನಲ್ಲಿ ನೃತ್ಯ ಕಲಿಯುವ ಮಗುವಿನ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ: ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು, ನಡುವೆ ಒಂದು ರಂಗಪ್ರವೇಶ. ರಂಗಪ್ರವೇಶಕ್ಕೆ ಸಭಾಂಗಣ, ಪಕ್ಕವಾದ್ಯದವರ ಸಂಭಾವನೆ, ರೇಷ್ಮೆಯ ಉಡುಪು, ಆಭರಣ, ಆಮಂತ್ರಣ ಪತ್ರಿಕೆ, ಬಂದವರಿಗೆ ಊಟ, ಎಲ್ಲವನ್ನೂ ತಂದೆತಾಯಿಯೇ ಭರಿಸುತ್ತಾರೆ. ಅದಾದ ಮೇಲೆ ಇಂಜಿನಿಯರಿಂಗ್ ಅಥವಾ ಮದುವೆ. ಹೆಚ್ಚೆಂದರೆ ಮನೆಯ ಮಹಡಿಯ ಮೇಲೆ ಒಂದು ನೃತ್ಯ ಶಾಲೆ. ಹತ್ತು ಹನ್ನೆರಡು ವರ್ಷ ಪಳಗಿದ ದೇಹ ಅದರ ಶಕ್ತಿ ಮಾಗುವ ವಯಸ್ಸಿನಲ್ಲೇ ಗೆಜ್ಜೆಯನ್ನು ಪೆಟ್ಟಿಗೆಯಲ್ಲಿಡುತ್ತದೆ. ಚಿತ್ರದ ರೈ ಕಡಿಮೆ ಸಂಬಳಕ್ಕೆ ದುಡಿಯುತ್ತಾಳೆ, ನಿಜ. ಆದರೆ ನರ್ತಿಸಿದ್ದಕ್ಕೆ ಅವಳಿಗೆ ಹಣ ಸಿಗುತ್ತದೆ, ನರ್ತಿಸಲು ಅವಳು ಹಣ ಕೊಡುವುದಿಲ್ಲ.

ಈ ಊರಿಗೆ ಬೇರೆ ಚರಿತ್ರೆಯೂ ಇತ್ತು. ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ಅರಮನೆಯ ಆಶ್ರಯದಲ್ಲಿ ನೃತ್ಯವನ್ನೇ ಬದುಕಾಗಿಸಿಕೊಂಡವರು. ಆಸ್ಥಾನ ವಿದುಷಿಯಾಗಿದ್ದ ವೆಂಕಟಲಕ್ಷಮ್ಮನವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಅಭಿನಯಕ್ಕೆ ಹೆಸರಾದ ಮೈಸೂರು ಬಾನಿ, ಎಂದರೆ ಮೈಸೂರು ಶೈಲಿ, ಉಳಿದದ್ದು, ಅದನ್ನು ದಿನವಿಡೀ ಮಾಡಿಕೊಂಡಿರಲು ಅವರಿಗೆ ಅನುಕೂಲವಿದ್ದುದರಿಂದ. ಅರಮನೆಯ ಕಾಲ ಮರಳದು, ಮರಳಬೇಕೆಂದೂ ಅಲ್ಲ. ಆದರೆ ಇಪ್ಪತ್ತು ನರ್ತಕರು, ಒಂದು ಮರದ ನೆಲ, ವರ್ಷಕ್ಕೆ ಇಷ್ಟು ತಿಂಗಳ ಖಚಿತ ಸಂಬಳ ಇರುವ ಒಂದು ತಂಡ ಈ ಊರಿಗೆ ಅಸಾಧ್ಯವೇ ಎಂಬುದನ್ನು ಚಿತ್ರ ಮುಗಿದ ಮೇಲೆ ನಾವು ಪ್ರತಿ ಸಲವೂ ಚರ್ಚೆಗೆ ಇಡುತ್ತೇವೆ.

ಗಂಡುಮಕ್ಕಳನ್ನು ಕರೆದುಕೊಂಡು ಬರಬಹುದೇ? ಮಕ್ಕಳಿಗೆ ಯೋಗ್ಯವಾದ ಚಿತ್ರವೇ?

ಗಂಡುಮಕ್ಕಳನ್ನು ಅವಶ್ಯವಾಗಿ ಕರೆತನ್ನಿ. ಇಟಲಿ ಮೂಲದ ಸಮುದಾಯದವರು ಆಂಟೊನೆಲ್ಲಿಯನ್ನು ಸನ್ಮಾನಿಸುವ ಸಭೆಯಲ್ಲಿ ಆತ, ನೃತ್ಯ ಕಲಿಯಬಯಸುವ ಹುಡುಗರನ್ನು ಮನೆಯವರೇ ಹೀಗಳೆಯುವುದನ್ನು ನೇರವಾಗಿ ಪ್ರಸ್ತಾಪಿಸುತ್ತಾನೆ. ನಮ್ಮ ಶಾಲೆಗಳ ಹುಡುಗರೂ ಈ ಹಂಗಿಸುವಿಕೆಯನ್ನು ಅನುಭವಿಸಿದವರೇ. ಅಮೆರಿಕದಲ್ಲಿ ಚಿತ್ರಕ್ಕೆ 13 ವರ್ಷದೊಳಗಿನವರ ಪೋಷಕರು ಎಚ್ಚರ ವಹಿಸಬೇಕೆಂಬ ವರ್ಗದ ಪ್ರಮಾಣಪತ್ರವಿದೆ: ಕೆಲವು ಒರಟು ಮಾತುಗಳು, ಪ್ರಣಯದ ದೃಶ್ಯಗಳು, ಅಲ್ಪ ನಗ್ನತೆ ಇವೆ. ಪ್ರೌಢಶಾಲೆಯ ಮಕ್ಕಳು ದೊಡ್ಡವರ ಜೊತೆ ನೋಡಬಹುದು.

ತರಗತಿಯಲ್ಲಿ ಪೂರ್ತಿ ಚಿತ್ರಕ್ಕೆ ಸಮಯವಿಲ್ಲ. ಯಾವ ಭಾಗಗಳನ್ನು ತೋರಿಸಬೇಕು?

ಆರಂಭದ ಪಟ್ಟಿಗಳ ನೃತ್ಯ, ಲುಬೊವಿಚ್ ಅವರ ತಾಲೀಮು, ಮಳೆಯ ದೃಶ್ಯ, ಅಕಿಲಿಸ್ ಹರಿಯುವ ದೃಶ್ಯ, ಈ ಅನುಕ್ರಮದಲ್ಲಿ. ತಾಲೀಮನ್ನು ಮಳೆಯ ದೃಶ್ಯಕ್ಕಿಂತ ಮೊದಲೇ ತೋರಿಸುವುದು ಮುಖ್ಯ. ಕೈ ಎಲ್ಲಿಡಬೇಕು, ಭಾರವನ್ನು ಯಾವಾಗ ಬಿಡಬೇಕೆಂದು ಒಂದೊಂದೇ ಚಲನೆಯನ್ನು ತಿದ್ದಿದ್ದನ್ನು ಕಂಡ ವಿದ್ಯಾರ್ಥಿಗಳು ವೇದಿಕೆಯ ಮೇಲೆ ಅವೇ ಚಲನೆಗಳನ್ನು ತಾವಾಗಿ ಗುರುತಿಸುತ್ತಾರೆ.